ಖಾಲಿ ಬೆಂಚು ಎಣಿಸಬೇಡಿ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕ್ರೈಸ್ತ ಬಂಧುಗಳೇ, ಓದಿದ ಮಕ್ಕಳು ಮೈಸೂರು, ಬೆಂಗಳೂರು ಸೇರಿ, ಭಾನುವಾರದ ಆರಾಧನೆಯಲ್ಲಿ ನರೆತ ತಲೆಗಳೇ ಹೆಚ್ಚಾದಾಗ ‘ಮುಂದೆ ಯಾರಪ್ಪಾ ಬರ್ತಾರೆ?’ ಎಂಬ ಕೊರಗು ಸಹಜ. ಆದರೆ ನಮ್ಮ ಸೀಮೆಯದೇ ಒಂದು ಕತೆ ಕೇಳಿ.

1799ರಲ್ಲಿ ಟಿಪ್ಪು ಮಡಿದ ಮೇಲೆ, ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಒಗ್ಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. ನಮ್ಮವರಂತೆ ಉಟ್ಟರು, ಉಂಡರು. ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದರು. ಇಷ್ಟಾದರೂ 1823ರಲ್ಲಿ ಭಾರತ ಬಿಡುವ ಹೊತ್ತಿಗೆ ಕೈಚೆಲ್ಲಿದ್ದರು. ಇಲ್ಲಿ ಕ್ರೈಸ್ತ ಧರ್ಮ ಬೇರೂರದು ಎಂದು ಪುಸ್ತಕವನ್ನೇ ಪ್ರಕಟಿಸಿದರು. ಆದರೆ 1886ರಲ್ಲಿ ಮೈಸೂರು ಧರ್ಮಪ್ರಾಂತ್ಯ ರೂಪುಗೊಂಡಿತು. ಚಾಮರಾಜನಗರ ಜಿಲ್ಲೆ ಇಂದಿಗೂ ಅದರ ವ್ಯಾಪ್ತಿಯಲ್ಲಿದೆ. 1947ರಲ್ಲಿ ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆದವು. ದುಡಿದವರ ಅಂದಾಜೇ ತಪ್ಪಿತು, ದುಡಿಮೆ ವ್ಯರ್ಥವಾಗಲಿಲ್ಲ.

ಹಾಗಾಗಿ ತಲೆ ಎಣಿಸಿ ತೀರ್ಪು ಕೊಡಬೇಡಿ. ಬಾರದವರ ಮನೆಗೆ ಹೋಗಿ. ದೂರಲು ಅಲ್ಲ, ಯೋಗಕ್ಷೇಮ ವಿಚಾರಿಸಲು. ಮಂಡಿನೋವಿನ ಅಜ್ಜಿಯ ಜಗಲಿಯಲ್ಲೇ ಕೂತು ಎರಡು ಕೀರ್ತನೆ ಹಾಡಿ. ಕ್ರಿಸ್ಮಸ್‌ಗೆ ಊರಿಗೆ ಬಂದ ಮಕ್ಕಳಿಗೆ ‘ಚರ್ಚಿಗೆ ಹೋಗ್ತೀಯೋ ಇಲ್ಲವೋ’ ಎಂದು ಗದರಿಸುವ ಬದಲು ಬೈಬಲ್ ವಾಚನವನ್ನೋ ಹಾಡನ್ನೋ ವಹಿಸಿ. ಪಕ್ಕದೂರಿನ ಸಣ್ಣ ಸಭೆಯೊಂದಿಗೆ ಆಗಾಗ ಕೂಡಿ ಆರಾಧಿಸಿ. ಬಿಡುವಿದ್ದರೆ ಆಸ್ಪತ್ರೆಯಲ್ಲಿ ಯಾರೂ ದಿಕ್ಕಿಲ್ಲದ ರೋಗಿಗೆ, ಯಾವ ಜಾತಿಯವರಾದರೂ ಸರಿ, ಒಂದು ಊಟ ಒಯ್ಯಿರಿ.

ಎಮ್ಮಾಹು ಊರಿನ ದಾರಿಯಲ್ಲಿದ್ದ ಶಿಷ್ಯರು ಇಬ್ಬರೇ, ಅದೂ ಮನಸ್ಸು ಮುರಿದವರು. ಪುನರುತ್ಥಾನಗೊಂಡ ಯೇಸು ಹೆಜ್ಜೆ ಹಾಕಿದ್ದು ಅವರ ಜೊತೆಗೇ. ಹತ್ತು ಮಂದಿಯ ಸಭೆಗೂ ಆ ಭರವಸೆ ಸಾಕು. ಕೆಲಸ ಈ ಭಾನುವಾರವೇ ಶುರುಮಾಡಿ.