ಕಂಡದ್ದನ್ನು ಕಂಡಂತೆ

ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 1953ರಲ್ಲಿ ಒಂದು ಗ್ರಂಥ ಅಚ್ಚಾಗಿ ಹೊರಬಂದಿತು. ಅದು ಕಾದಂಬರಿಯಲ್ಲ, ಶಾಸ್ತ್ರಗ್ರಂಥವೂ ಅಲ್ಲ. ಒಬ್ಬ ಕೀಟಶಾಸ್ತ್ರಜ್ಞರ ದಿನಚರಿ. ಅದರಲ್ಲಿ ದಾಖಲಾದ ಸಂಗತಿಗಳು ನಡೆದದ್ದು 1901 ಮತ್ತು 1902ರಲ್ಲಿ. ಆ ಪುಟಗಳನ್ನು ಬರೆದಾಗ ಅವರು ನಲವತ್ತು ತುಂಬದ ತರುಣ ವಿಜ್ಞಾನಿ. ಅವು ಗ್ರಂಥರೂಪ ತಾಳಿದಾಗ ತೊಂಬತ್ತರ ವೃದ್ಧ. ಗುಂಡುಸೂಜಿಯ ತಲೆಗಿಂತ ದೊಡ್ಡದಲ್ಲದ ಒಂದು ಕೀಟದ ತವರನ್ನು ಅರಸುತ್ತ ಭೂಮಂಡಲವನ್ನೇ ಸುತ್ತಿ ಬಂದ ಕಥೆ ಅದು. ಬರೆದವರ ಹೆಸರು ಚಾರ್ಲ್ಸ್ ಲೆಸ್ಟರ್ ಮಾರ್ಲಟ್.

ಮಾರ್ಲಟ್ ಹುಟ್ಟಿದ್ದು 1863ರಲ್ಲಿ. ಅವರು ಬೆಳೆದದ್ದು ಅಮೆರಿಕದ ಕಾನ್ಸಾಸ್ ಸಂಸ್ಥಾನದ ಮ್ಯಾನ್‌ಹಟನ್ ಎಂಬ ಸಣ್ಣ ಊರಿನಲ್ಲಿ. ಅದೇ ವರ್ಷ ಆ ಊರಿನಲ್ಲಿ ಒಂದು ಕೃಷಿ ಕಾಲೇಜೂ ಜನ್ಮ ತಾಳಿತು. ಅಮೆರಿಕದಲ್ಲಿ ಆಗ ಅಂತರ್ಯುದ್ಧ ನಡೆಯುತ್ತಿತ್ತು. ಆ ಕೋಲಾಹಲದ ನಡುವೆಯೂ 1862ರಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಒಂದು ಶಾಸನಕ್ಕೆ ಸಹಿ ಮಾಡಿದರು. ಅದರಂತೆ ಒಕ್ಕೂಟ ಸರ್ಕಾರವು ಪ್ರತಿಯೊಂದು ಸಂಸ್ಥಾನಕ್ಕೂ ಭೂಮಿಯನ್ನು ದಾನವಾಗಿ ಕೊಟ್ಟು, ಅದರ ಆದಾಯದಿಂದ ಕೃಷಿ ಮತ್ತು ಯಂತ್ರವಿದ್ಯೆಗಳನ್ನು ಕಲಿಸುವ ಕಾಲೇಜುಗಳಿಗೆ ನೆರವಾಗಲು ಅವಕಾಶ ಕಲ್ಪಿಸಿತು. ಅಲ್ಲಿಯವರೆಗೆ ಉನ್ನತ ವಿದ್ಯೆ ಎಂದರೆ ಪ್ರಾಚೀನ ಭಾಷೆಗಳ ವ್ಯಾಸಂಗ ಎಂಬ ಭಾವನೆ ಬಲವಾಗಿತ್ತು. ಉಳುವವನ ಮಗನಿಗೂ ವಿದ್ಯೆಯ ಬಾಗಿಲು ತೆರೆಯಬೇಕು, ಮಣ್ಣು ಬೆಳೆಗಳೂ ವ್ಯಾಸಂಗದ ವಿಷಯವಾಗಬೇಕು ಎಂಬ ಹೊಸ ವಿಚಾರ ಈ ಶಾಸನದಲ್ಲಿತ್ತು. ಆ ಶಾಸನದ ಫಲವಾಗಿ ಮೊದಮೊದಲು ತಲೆಯೆತ್ತಿದ ಕಾಲೇಜುಗಳಲ್ಲಿ ಮ್ಯಾನ್‌ಹಟನ್ನಿನ ಕಾಲೇಜೂ ಒಂದು. ಗಂಡುಹುಡುಗರಿಗೂ ಹೆಣ್ಣುಮಕ್ಕಳಿಗೂ ಅಲ್ಲಿ ಮೊದಲಿನಿಂದಲೇ ಪ್ರವೇಶವಿತ್ತು. ಓದಿನ ಜೊತೆಗೆ ಹೊಲದ ಕೆಲಸ, ಮರಗೆಲಸ, ಮುದ್ರಣ, ಹೊಲಿಗೆ ಮೊದಲಾದ ಕೈಕೆಲಸಗಳಿಗೂ ಅಲ್ಲಿ ಸ್ಥಾನವಿತ್ತು. ಪುಸ್ತಕ ಹಿಡಿದ ಕೈ ಗುದ್ದಲಿಯನ್ನೂ ಹಿಡಿಯಬಲ್ಲದಾಗಬೇಕು ಎಂಬುದು ಅಲ್ಲಿನ ಹಿರಿಯರ ನಿಲುವಾಗಿತ್ತು.

ಆ ಸೀಮೆಯ ರೈತನಿಗೆ ಕೀಟಗಳ ಅರಿವು ಎಷ್ಟು ಅಗತ್ಯ ಎಂಬುದನ್ನು 1874ರ ಬೇಸಿಗೆ ತೋರಿಸಿಕೊಟ್ಟಿತು. ಆ ವರ್ಷ ರಾಕಿ ಪರ್ವತಗಳ ಕಡೆಯಿಂದ ಮಿಡತೆಗಳ ಮಹಾಸೈನ್ಯ ಕಾನ್ಸಾಸ್ ಮೇಲೆ ಬಂದೆರಗಿತು. ಹಗಲಿನಲ್ಲೇ ಸೂರ್ಯ ಮಂಕಾದನು. ಮೆಕ್ಕೆಜೋಳದ ಹೊಲಗಳು ನೋಡನೋಡುತ್ತಿದ್ದಂತೆ ಬರಿಯ ದಂಟಾದವು. ಮಿಡತೆಗಳು ಒಣಹಾಕಿದ ಬಟ್ಟೆಗಳನ್ನೂ ಬಿಡಲಿಲ್ಲ. ಬೆವರಿನ ಉಪ್ಪು ಹತ್ತಿದ ಸಲಿಕೆಯ ಹಿಡಿಗಳನ್ನೂ ಕೆರೆದು ತಿಂದವು. ಹಳಿಗಳ ಮೇಲೆ ಅವುಗಳ ದೇಹಗಳು ನುಜ್ಜುಗುಜ್ಜಾಗಿ, ರೈಲುಗಾಲಿಗಳು ಜಾರಿ, ಬಂಡಿಗಳು ನಿಂತುಹೋದವು. ಆಗ ಚಾರ್ಲ್ಸ್ ಹತ್ತು ವರ್ಷದ ಬಾಲಕ.

ಬಾಲಕ ಬೆಳೆದು, ತನ್ನೊಡನೆಯೇ ಹುಟ್ಟಿದ್ದ ಆ ಕಾಲೇಜನ್ನು ಸೇರಿದನು. ಎಡ್ವಿನ್ ಪೋಪಿನೋ ಎಂಬವರು ಅಲ್ಲಿ ತೋಟಗಾರಿಕೆ ಮತ್ತು ಕೀಟಶಾಸ್ತ್ರದ ಅಧ್ಯಾಪಕರಾಗಿದ್ದರು. ಕೀಟಶಾಸ್ತ್ರದ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ ಬಹಳ ಸರಳವಾದುದು. ಹಿಡಿದ ಹುಳುವನ್ನು ಸೂಜಿಗೆ ಚುಚ್ಚಿಟ್ಟರೆ ಸಾಲದು; ಅದರ ಕೆಳಗೆ ಒಂದು ಚಿಕ್ಕ ಚೀಟಿಯಿರಬೇಕು. ಯಾವ ಊರು, ಯಾವ ದಿನ, ಯಾವ ಗಿಡ, ಹಿಡಿದವರು ಯಾರು ಎಂಬುದು ಆ ಚೀಟಿಯಲ್ಲಿ ಇರಬೇಕು. ಚೀಟಿಯಿಲ್ಲದ ಹುಳು, ಅದೆಷ್ಟೇ ಅಪರೂಪದ್ದಾಗಿರಲಿ, ಶಾಸ್ತ್ರಕ್ಕೆ ಅದರಿಂದಾಗುವ ಪ್ರಯೋಜನ ಅತ್ಯಲ್ಪ. ನೆನಪು ಮಾಸುತ್ತದೆ, ಮನಸ್ಸು ತನಗೆ ಬೇಕಾದುದನ್ನು ಸೇರಿಸಿಕೊಳ್ಳುತ್ತದೆ, ಅಂದಂದೇ ಬರೆದಿಟ್ಟ ಮಾತು ಮಾತ್ರ ಹಾಗೆಯೇ ನಿಲ್ಲುತ್ತದೆ. ಮಾರ್ಲಟ್ಟರ ಮುಂದಿನ ಬದುಕೆಲ್ಲ ಈ ಪಾಠದ ವಿಸ್ತರಣೆಯೆಂದೇ ಹೇಳಬಹುದು.

1884ರಲ್ಲಿ ಪದವಿಯನ್ನೂ, 1886ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದ ಮಾರ್ಲಟ್ ಕೆಲಕಾಲ ಅದೇ ಕಾಲೇಜಿನಲ್ಲಿ ದುಡಿದು, ಅನಂತರ ವಾಷಿಂಗ್ಟನ್ನಿನ ಕೃಷಿ ಇಲಾಖೆಯನ್ನು ಸೇರಿದರು. ಅಮೆರಿಕದಲ್ಲಿ ಒಂದು ವಿಚಿತ್ರ ಬಗೆಯ ಜೀರುಂಡೆಯುಂಟು. ಅದರ ಮರಿಗಳು ನೆಲದೊಳಗೆ ಬೇರುಗಳ ರಸವನ್ನು ಹೀರುತ್ತ ಹದಿಮೂರು ಅಥವಾ ಹದಿನೇಳು ವರ್ಷ ಅಡಗಿದ್ದು, ಅವಧಿ ತುಂಬಿದೊಡನೆ ಲಕ್ಷಗಟ್ಟಲೆಯಾಗಿ ಒಟ್ಟಿಗೆ ಹೊರಬರುತ್ತವೆ. ಯಾವ ಸೀಮೆಯಲ್ಲಿ ಯಾವ ವರ್ಷ ಅವು ಕಾಣಿಸಿಕೊಂಡವು ಎಂಬ ಹಳೆಯ ದಾಖಲೆಗಳನ್ನೆಲ್ಲ ಕಲೆಹಾಕಿ, ಮಾರ್ಲಟ್ ಆ ತಂಡಗಳಿಗೆ ರೋಮನ್ ಅಂಕಿಗಳನ್ನು ಕೊಟ್ಟು ಕ್ರಮಪಡಿಸಿದರು. 1803ರಲ್ಲಿ ಒಟ್ಟಿಗೆ ಹೊರಬಂದಿದ್ದ ಹದಿಮೂರನೆಯ ಮತ್ತು ಹತ್ತೊಂಬತ್ತನೆಯ ತಂಡಗಳು, ಲೆಕ್ಕ ತಪ್ಪದೆ 221 ವರ್ಷಗಳ ತರುವಾಯ 2024ರಲ್ಲಿ ಮತ್ತೆ ಒಟ್ಟಿಗೆ ಕಾಣಿಸಿಕೊಂಡವು. ಜನರು ಆಗಲೂ ಅವುಗಳನ್ನು ಕರೆದದ್ದು ಮಾರ್ಲಟ್ ಕೊಟ್ಟ ಅಂಕಿಗಳಿಂದಲೇ.

ಆದರೆ ಮಾರ್ಲಟ್ಟರ ಸತ್ವಪರೀಕ್ಷೆ ನಡೆದದ್ದು ಇನ್ನೊಂದು ಕೀಟದಿಂದ. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಊರಿನ ತೋಟಗಳಲ್ಲಿ 1870ರ ದಶಕದಲ್ಲಿ ಹಣ್ಣಿನ ಮರಗಳು ಕಾರಣ ತಿಳಿಯದಂತೆ ಒಣಗತೊಡಗಿದವು. ಕೊಂಬೆಗಳ ಮೇಲೆ ಬೂದಿ ಎರಚಿದಂತೆ ಕಾಣುತ್ತಿತ್ತು. ಹತ್ತಿರದಿಂದ ನೋಡಿದರೆ ಅದು ಬೂದಿಯಲ್ಲ. ಒಂದಕ್ಕೊಂದು ಅಂಟಿಕೊಂಡ ಸಾವಿರಾರು ಪುಟ್ಟ ಚಿಪ್ಪುಗಳು. ಪ್ರತಿಯೊಂದು ಚಿಪ್ಪಿನ ಅಡಿಯಲ್ಲಿಯೂ ಒಂದು ಕೀಟ ಕುಳಿತು ಮರದ ರಸವನ್ನು ಹೀರುತ್ತಿತ್ತು. ಜಾನ್ ಹೆನ್ರಿ ಕಾಮ್‌ಸ್ಟಾಕ್ ಎಂಬ ವಿಜ್ಞಾನಿ ಅದನ್ನು ಪರಿಶೀಲಿಸಿ, ‘ವಿನಾಶಕಾರಿ’ ಎಂಬ ಅರ್ಥದ ಲ್ಯಾಟಿನ್ ಹೆಸರನ್ನೇ ಅದಕ್ಕೆ ಇಟ್ಟರು. ಜನ ಅದನ್ನು ಸ್ಯಾನ್ ಹೋಸೆ ಶಲ್ಕ ಕೀಟವೆಂದು ಕರೆದರು. 1893ರ ಹೊತ್ತಿಗೆ ಅದು ಸಸಿಗಳ ಮೂಲಕ ದೇಶದ ಪೂರ್ವದ ಅಂಚನ್ನು ಮುಟ್ಟಿತ್ತು. 1898ರಲ್ಲಿ ಜರ್ಮನಿಯು ಅದಕ್ಕೆ ಹೆದರಿ ಅಮೆರಿಕದ ಸಸಿಗಳಿಗೂ ಹಣ್ಣುಗಳಿಗೂ ತಡೆಯೊಡ್ಡಿತು.

ಈ ಕೀಟದ ಮೂಲಸ್ಥಾನ ಯಾವುದು? ಪ್ರಶ್ನೆ ಬರಿಯ ಕುತೂಹಲದ್ದಾಗಿರಲಿಲ್ಲ. ಯಾವ ಜೀವಿಗೂ ತನ್ನ ತವರಿನಲ್ಲಿ ಸಹಜ ಶತ್ರುಗಳಿರುತ್ತವೆ. ಅವು ಅದನ್ನು ಮಿತಿಯಲ್ಲಿಡುತ್ತವೆ. ತವರು ತಿಳಿದರೆ ಶತ್ರುವೂ ಸಿಕ್ಕೀತು. ಕೆಲವೇ ವರ್ಷಗಳ ಹಿಂದೆ ಆಸ್ಟ್ರೇಲಿಯದಿಂದ ತಂದ ಗುಲಗಂಜಿ ದುಂಬಿಗಳು ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳನ್ನು ಬೇರೊಂದು ಶಲ್ಕ ಕೀಟದಿಂದ ಉಳಿಸಿದ್ದವು. ಈ ಸಲ ಅನೇಕರು ಬೆರಳು ತೋರಿಸಿದ್ದು ಜಪಾನಿನ ಕಡೆಗೆ. ಅದು ಅಮೆರಿಕದಿಂದಲೇ ತಮ್ಮ ನಾಡಿಗೆ ಬಂದದ್ದು ಎಂಬ ಮಾತು ಜಪಾನಿನಲ್ಲಿತ್ತು. ಇಬ್ಬರಲ್ಲಿಯೂ ಊಹೆಯಿತ್ತು, ಆಧಾರವಿರಲಿಲ್ಲ.

ಮಾರ್ಲಟ್ 1901ರಲ್ಲಿ ಪತ್ನಿ ಫ್ಲಾರೆನ್ಸರೊಡನೆ ಜಪಾನಿಗೆ ಹೊರಟರು. ಅಲ್ಲಿ ತಿಂಗಳುಗಟ್ಟಲೆ ಊರೂರು ಅಲೆದು ತೋಟಗಳನ್ನೂ ಮನೆಯಂಗಳದ ಮರಗಳನ್ನೂ ಪರೀಕ್ಷಿಸಿದರು. ಅಮೆರಿಕದಿಂದ ಸಸಿಗಳನ್ನು ತರಿಸಿದ್ದ ಸ್ಥಳಗಳಲ್ಲಿಯೂ, ಅವು ಹಂಚಿಕೆಯಾಗಿದ್ದ ಕಡೆಗಳಲ್ಲಿಯೂ ಕೀಟವಿತ್ತು. ಹೊಸ ಸಸಿಗಳು ತಲುಪದ ಒಳನಾಡಿನಲ್ಲಿ, ತಲೆಮಾರುಗಳಿಂದ ನಿಂತಿದ್ದ ಹಳೆಯ ಮರಗಳ ಮೇಲೆ ಅದರ ಸುಳಿವಿರಲಿಲ್ಲ. ಹಾಗಾದರೆ ಜಪಾನು ಅದರ ತವರಲ್ಲ. ತನ್ನ ನೆಲದಿಂದಲೇ ಅದು ಜಪಾನಿಗೆ ಹೋಗಿತ್ತು! ತನ್ನ ದೇಶಕ್ಕೆ ಇದು ಹಿತವಾದ ನಿರ್ಣಯವಾಗಿರಲಿಲ್ಲ. ಆದರೂ ಮಾರ್ಲಟ್ ಕಂಡದ್ದನ್ನು ಕಂಡಂತೆಯೇ ವರದಿ ಮಾಡಿದರು.

ಅಲ್ಲಿಂದ ಅವರು ಚೀನಾಕ್ಕೆ ತೆರಳಿದರು. ಹಿಂದಿನ ವರ್ಷವಷ್ಟೇ ಆ ದೇಶದ ಉತ್ತರಭಾಗದಲ್ಲಿ ವಿದೇಶೀಯರ ವಿರುದ್ಧ ದೊಡ್ಡ ದಂಗೆ ನಡೆದು, ನಾಡು ಇನ್ನೂ ಚೇತರಿಸಿಕೊಂಡಿರಲಿಲ್ಲ. ಪೀಕಿಂಗ್, ಅಂದರೆ ಇಂದಿನ ಬೀಜಿಂಗ್, ನಗರದ ಸಂತೆಯಲ್ಲಿ ರಾಶಿ ಹಾಕಿದ್ದ ನಾಡಹಣ್ಣುಗಳನ್ನು ಅವರು ಒಂದೊಂದಾಗಿ ಎತ್ತಿ ನೋಡಿದರು. ಅವುಗಳ ಸಿಪ್ಪೆಯ ಮೇಲೆ ಅದೇ ಪುಟ್ಟ ಬೂದು ಚಿಪ್ಪು! ಆ ಹಣ್ಣುಗಳು ಬಂದಿದ್ದದ್ದು ಮಹಾಗೋಡೆಯ ಕಡೆಯ ಬೆಟ್ಟಗಳ ತಪ್ಪಲಿನಿಂದ. ಹೊರಗಿನ ಸಸಿಗಳು ಕಾಲಿಡದ ಆ ಪ್ರದೇಶದ ಮರಗಳಲ್ಲಿ ಕೀಟವಿತ್ತು. ಆದರೆ ಮರಗಳು ಸಾಯುತ್ತಿರಲಿಲ್ಲ. ಕಾರಣ, ಅವುಗಳ ಮೇಲೆ ಕಪ್ಪು ಮೈಯ, ಎರಡು ಕೆಂಪು ಚುಕ್ಕೆಗಳ ಗುಲಗಂಜಿ ದುಂಬಿಯೂ ಇತ್ತು. ಅದು ಆ ಚಿಪ್ಪುಕೀಟಗಳನ್ನು ತಿಂದು ಬದುಕುತ್ತಿತ್ತು. ತವರು ಸಿಕ್ಕಿತು, ಶತ್ರುವೂ ಸಿಕ್ಕಿತು.

ಮಾರ್ಲಟ್ ದುಂಬಿಗಳನ್ನು ಸಂಗ್ರಹಿಸಿ ಅಮೆರಿಕಕ್ಕೆ ಕಳುಹಿಸಿದರು. ಅನೇಕ ದುಂಬಿಗಳು ದೀರ್ಘ ಪ್ರಯಾಣದಲ್ಲಿ ಸತ್ತವು. ತಲುಪಿದವುಗಳಲ್ಲಿಯೂ ವಾಷಿಂಗ್ಟನ್ನಿನ ಚಳಿಗಾಲವನ್ನು ದಾಟಿ ಉಳಿದದ್ದು ಎರಡೇ ಎರಡು. ಆ ಎರಡರ ಸಂತತಿಯೇ 1902ರ ಬೇಸಿಗೆಯಲ್ಲಿ ಸಾವಿರಾರಾಗಿ ಬೆಳೆಯಿತು. ಅವುಗಳನ್ನು ಹಲವು ಸಂಸ್ಥಾನಗಳಿಗೆ ಹಂಚಲಾಯಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ದುಂಬಿಗಳು ಹೊಸ ನೆಲದಲ್ಲಿ ನೆಲೆಯೂರಲಿಲ್ಲ. ಕೆಲವು ವರ್ಷಗಳಲ್ಲಿ ಅವು ಇಲ್ಲವಾದವು. ರೈತರು ಸುಣ್ಣ ಮತ್ತು ಗಂಧಕದ ದ್ರಾವಣವನ್ನು ಸಿಂಪಡಿಸಿ ತಮ್ಮ ತೋಟಗಳನ್ನು ಕಾಪಾಡಿಕೊಂಡರು. ದೀರ್ಘ ಪ್ರವಾಸದಲ್ಲಿ ಕಾಯಿಲೆ ಬಿದ್ದ ಫ್ಲಾರೆನ್ಸ್ ಊರಿಗೆ ಮರಳಿದ ಬಳಿಕ ಹೆಚ್ಚು ಕಾಲ ಬದುಕಲಿಲ್ಲ.

ಇಷ್ಟು ಬೆಲೆ ತೆತ್ತು ಪಡೆದ ಪಾಠವನ್ನು ಮಾರ್ಲಟ್ ಮರೆಯಲಿಲ್ಲ. ಬಂದ ಕೀಟವನ್ನು ಅಟ್ಟುವುದಕ್ಕಿಂತ ಬಾರದಂತೆ ತಡೆಯುವುದೇ ಲೇಸೆಂದು ಅವರು ವಾದಿಸಿದರು. ಟೋಕಿಯೋ ನಗರವು ಸ್ನೇಹದ ಕಾಣಿಕೆಯಾಗಿ ಕಳುಹಿಸಿದ 2000 ಚೆರ್ರಿ ಸಸಿಗಳಲ್ಲಿ ಕೀಟಗಳು ಕಂಡುಬಂದಾಗ, 1910ರ ಜನವರಿಯಲ್ಲಿ ಅವೆಲ್ಲವನ್ನೂ ಸುಡಲಾಯಿತು. ಆ ಸಸಿಗಳನ್ನು ಸ್ವಾಗತಿಸಲು ಹಂಬಲಿಸಿದ್ದವರಲ್ಲಿ ಡೇವಿಡ್ ಫೇರ್‌ಚೈಲ್ಡ್ ಒಬ್ಬರು. ಅವರು ಮಾರ್ಲಟ್ಟರ ಊರಿನಲ್ಲಿಯೇ ಬೆಳೆದು, ಅದೇ ಕಾಲೇಜಿನಲ್ಲಿ ಓದಿದವರು; ಲೋಕದ ಒಳ್ಳೆಯ ಗಿಡಗಳನ್ನೆಲ್ಲ ತನ್ನ ನಾಡಿಗೆ ತರಬೇಕೆಂಬ ಹಂಬಲದವರು. ಒಬ್ಬರು ಬಾಗಿಲು ತೆರೆಯಬೇಕೆಂದರು, ಮತ್ತೊಬ್ಬರು ಬಾಗಿಲಲ್ಲಿ ಕಾವಲಿರಬೇಕೆಂದರು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. 1912ರಲ್ಲಿ ಜಪಾನಿನಿಂದ ನಿರೋಗಿಗಳಾದ 3020 ಸಸಿಗಳು ಬಂದು ವಾಷಿಂಗ್ಟನ್ನಿನಲ್ಲಿ ಬೇರೂರಿದವು. ಅದೇ ವರ್ಷ ಹೊರನಾಡಿನ ಸಸ್ಯಗಳನ್ನು ಪರೀಕ್ಷಿಸಿ ತಡೆಯುವ ಶಾಸನವೂ ಅಮೆರಿಕದಲ್ಲಿ ಜಾರಿಗೆ ಬಂದಿತು. ಮುಂದೆ ಮಾರ್ಲಟ್ 1927ರಿಂದ 1933ರವರೆಗೆ ದೇಶದ ಕೀಟಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ತಮ್ಮ ದಿನಚರಿ ಅಚ್ಚಾದ ಮರುವರ್ಷ, 1954ರಲ್ಲಿ, ಅವರು ತೀರಿಕೊಂಡರು.

ಅವರು ಕಳುಹಿಸಿದ ದುಂಬಿಗಳು ಉಳಿಯಲಿಲ್ಲ. ಅವರು ಬರೆದಿಟ್ಟ ಮಾತುಗಳು ಉಳಿದವು. ಸುಮಾರು ಎಂಬತ್ತು ವರ್ಷಗಳ ಅನಂತರ, 1980ರ ದಶಕದಲ್ಲಿ, ಅಮೆರಿಕದ ವಿಜ್ಞಾನಿಗಳು ಅದೇ ಬಗೆಯ ದುಂಬಿಯನ್ನು ಕೊರಿಯಾದಿಂದ ತರಿಸಿದರು. ಈ ಸಲ ಅದು ನೆಲೆಯೂರಿತು. ಕೀಟದ ತವರಿನಲ್ಲಿ ಅದರ ಶತ್ರುವನ್ನು ಹುಡುಕುವ ವಿಧಾನ ಕನ್ನಡ ನಾಡಿಗೂ ಒದಗಿಬಂದಿದೆ. ಪಪ್ಪಾಯಿ ತೋಟಗಳನ್ನು ಹಾಳುಮಾಡುತ್ತಿದ್ದ ಹಿಟ್ಟು ತಿಗಣೆಯನ್ನು ಅಡಗಿಸಲು 2010ರಲ್ಲಿ ಬೆಂಗಳೂರಿನ ಕೀಟವಿಜ್ಞಾನಿಗಳು ದೂರದ ಪೋರ್ಟೋ ರಿಕೋದಿಂದ ಒಂದು ಸಣ್ಣ ಕಣಜವನ್ನು ತರಿಸಿ ಯಶಸ್ಸು ಪಡೆದರು.

ದಿನಚರಿ ಬರೆಯುವುದಕ್ಕೆ ದೊಡ್ಡ ಬದುಕು ಬೇಕೆಂದು ಹಲವರು ತಿಳಿಯುತ್ತಾರೆ. ಅದಕ್ಕೆ ಬೇಕಾದುದು ತೆರೆದ ಕಣ್ಣು, ತಾರೀಖು ಹಾಕಿದ ಒಂದು ಪುಟ, ಮತ್ತು ತನಗೆ ಹಿತವಲ್ಲದ ಸತ್ಯವನ್ನೂ ಬರೆಯುವ ಧೈರ್ಯ. ಹಿತ್ತಲಿನ ಕರಿಬೇವಿನ ಗಿಡದ ಮೇಲೆ ಇಂದು ಕಂಡ ಹುಳುವನ್ನು ಇಂದೇ ಗುರುತು ಮಾಡಿಕೊಂಡ ವಿದ್ಯಾರ್ಥಿಯು, ಮಹಾಗೋಡೆಯ ತಪ್ಪಲಿನಲ್ಲಿ ಮಾರ್ಲಟ್ ಮಾಡಿದ ಕೆಲಸದ ಮೊದಲ ಮೆಟ್ಟಿಲನ್ನು ಏರಿದಂತೆಯೇ ಸರಿ.