ರಮ್ಮಿ: ಕೈ ಕಟ್ಟುವ ಲೆಕ್ಕ, ಕೈ ಬಿಡುವ ಸಂಯಮ

ಇಸ್ಪೀಟಾಟವೆಂದೊಡನೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರ ಅಂಜಿಕೆ ನಿಷ್ಕಾರಣವಾದುದಲ್ಲ. ಆಟವು ಜೂಜಾಗಿ ತಿರುಗಿದೆಡೆಗಳಲ್ಲಿ ಮನೆತನಗಳು ಹಾಳಾದುದುಂಟು. ಆದರೆ ಎಲೆಯಾಟವು ಬುದ್ಧಿವಂತರ ವಿನೋದವಾಗಿಯೂ ನಮ್ಮ ನಾಡಿನಲ್ಲಿ ಬಾಳಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಆಟದಲ್ಲಿ ವಿಶೇಷ ಆಸಕ್ತಿ ವಹಿಸಿ, 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯೆಂಬ ಭಾಗದಲ್ಲಿ ಎಲೆಯಾಟಗಳ ವಿವರಗಳನ್ನು ಬರೆಯಿಸಿದರು. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ದಶಾವತಾರ ಗಂಜೀಫಾ ಎಲೆಗಳನ್ನು ಇಂದಿಗೂ ಕೈಯಿಂದ ಚಿತ್ರಿಸುತ್ತಾರೆ. ಅವತಾರವೊಂದಕ್ಕೆ 12ರಂತೆ ಒಟ್ಟು 120 ದುಂಡನೆಯ ಎಲೆಗಳು. ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂಬುದನ್ನು ನೆನಪಿನಲ್ಲಿಡುವುದೇ ಆ ಆಟದ ಜೀವಾಳ.

ಇಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿರುವ ನಮಗೆ ಗಂಜೀಫಾದ ಪರಿಚಯವಿಲ್ಲದಿರಬಹುದು. ರಮ್ಮಿಯ ಪರಿಚಯವಿಲ್ಲದವರು ಮಾತ್ರ ವಿರಳ. ಲೋಕಲ್ ಗಾಡಿಯಲ್ಲಿ ನಾಲ್ವರ ಮಂಡಿಗಳ ಮೇಲೆ ಒಂದು ಬ್ರೀಫ್‌ಕೇಸ್ ಮಲಗಿಸಿ, ಗೌರಿ-ಗಣಪತಿಯ ಜಾಗರಣೆಯಲ್ಲಿ ಜಮಖಾನೆ ಹಾಸಿ, ನಿವೃತ್ತರು ಸೊಸೈಟಿಯ ಅಂಗಳದಲ್ಲಿ ಕುರ್ಚಿ ಹಾಕಿ ಈ ಆಟವಾಡುವುದನ್ನು ನಾವೆಲ್ಲ ಕಂಡಿದ್ದೇವೆ. ರಮ್ಮಿಯಲ್ಲಿ ಗೆಲ್ಲುವ ಕ್ರಮವೇನು ಮತ್ತು ಆ ಕ್ರಮಕ್ಕೂ ನಮ್ಮ ಸ್ವಾಸ್ಥ್ಯಕ್ಕೂ ಇರುವ ಸಂಬಂಧವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಆಟದ ನಿಯಮಗಳು

ಇಲ್ಲಿ ವಿಚಾರಿಸುವುದು ಹದಿಮೂರು ಎಲೆಗಳ ರಮ್ಮಿಯನ್ನು. ಎರಡು ಕಟ್ಟುಗಳ 104 ಎಲೆಗಳಿಗೆ ಎರಡು ಅಚ್ಚಿನ ಜೋಕರುಗಳು ಸೇರಿ 106 ಎಲೆಗಳಾಗುತ್ತವೆ. ಆಟೀನು, ಇಸ್ಪೀಟು, ಕಳಾವರು, ಡೈಮನ್ ಎಂದು ನಾವು ಕರೆಯುವ ನಾಲ್ಕು ಜಾತಿಗಳನ್ನು ನೆರೆಯ ಮರಾಠಿ ಮಿತ್ರರು ಕ್ರಮವಾಗಿ ಬದಾಮ್, ಇಸ್ಪಿಕ್, ಕಿಲ್ವರ್, ಚೌಕಟ್ ಎನ್ನುತ್ತಾರೆ. ಎಲೆ ಹಂಚಿದ ಮೇಲೆ ಒಂದೆಲೆಯನ್ನು ತೆರೆದು, ಅದೇ ಅಂಕೆಯ ಎಲೆಗಳನ್ನೆಲ್ಲ ಜೋಕರೆಂದು ಎಣಿಸುವುದು ರೂಢಿ. ಕನಿಷ್ಠ ಎರಡು ಸರಣಿಗಳಿರಬೇಕು. ಅವುಗಳಲ್ಲೊಂದು ಜೋಕರಿನ ಹಂಗಿಲ್ಲದ ಶುದ್ಧ ಸರಣಿಯಾಗಿರಬೇಕು. ಉಳಿದವು ಸರಣಿಯಾಗಿರಬಹುದು, ಅಥವಾ ಬೇರೆ ಬೇರೆ ಜಾತಿಯ ಒಂದೇ ಅಂಕೆಯ ಸೆಟ್ಟಾಗಿರಬಹುದು. ಎಕ್ಕ, ರಾಜ, ರಾಣಿ, ಗುಲಾಮಗಳಿಗೆ ತಲಾ ಹತ್ತು ಅಂಕ; ಮಿಕ್ಕವಕ್ಕೆ ಅವುಗಳ ಮೇಲಿನ ಅಂಕೆಯಷ್ಟು; ಜೋಕರಿಗೆ ಸೊನ್ನೆ. ಸೋತವನ ಮೇಲೆ ಬೀಳುವ ಗರಿಷ್ಠ ಭಾರ 80 ಅಂಕ. ಶುದ್ಧ ಸರಣಿ ಇಲ್ಲದಿದ್ದರೆ ಕೈಯಲ್ಲಿನ ಎಲ್ಲ ಎಲೆಗಳೂ ಲೆಕ್ಕಕ್ಕೆ ಬರುತ್ತವೆ. ಆದುದರಿಂದ ಶುದ್ಧ ಸರಣಿಯೇ ಮೊದಲ ಗುರಿ.

ಬರುವ ಎಲೆಯ ಲೆಕ್ಕ

ನಿಮ್ಮ ಹದಿಮೂರು ಎಲೆಗಳು, ತೆರೆದ ಎಲೆ, ಜೋಕರು ತೋರಿಸುವ ಎಲೆ ಇವನ್ನು ಕಳೆದರೆ ನೀವು ಕಾಣದ ಎಲೆಗಳು 91 ಉಳಿಯುತ್ತವೆ. ಯಾವ ಜೋಡಿಯನ್ನು ಉಳಿಸಬೇಕು, ಯಾವುದನ್ನು ಮುರಿಯಬೇಕು ಎಂಬ ಪ್ರಶ್ನೆಗೆ ಉತ್ತರ ಈ 91ರಲ್ಲಿದೆ.

ಆಟೀನು 6 ಮತ್ತು 8 ಇವೆಯೆಂದುಕೊಳ್ಳಿ. ಬೇಕಾದುದು ಆಟೀನು 7 ಮಾತ್ರ. ಅಂಥವು ಎರಡೇ ಎಲೆಗಳು. ಆಟೀನು 6 ಮತ್ತು 7 ಇದ್ದರೆ 5 ಬಂದರೂ ಆದೀತು, 8 ಬಂದರೂ ಆದೀತು; ಒಟ್ಟು ನಾಲ್ಕು ಎಲೆಗಳು. ಆಟೀನು 7, 8 ಇವುಗಳೊಡನೆ ಇಸ್ಪೀಟು 8 ಸೇರಿದರೆ ಆಟೀನಿನ 6, 9ಗಳಲ್ಲಿ ನಾಲ್ಕು, ಡೈಮನ್ ಮತ್ತು ಕಳಾವರು 8ಗಳಲ್ಲಿ ನಾಲ್ಕು, ಹೀಗೆ ಎಂಟು ಎಲೆಗಳು ಸಹಾಯಕ್ಕೆ ಬರುತ್ತವೆ. ಕಟ್ಟಿನಿಂದ ಐದು ಸಲ ಎಲೆ ಎತ್ತುವಷ್ಟರಲ್ಲಿ ಬೇಕಾದ ಎಲೆ ಬರುವ ಸಂಭವವು ಎರಡು ಎಲೆಗಳನ್ನು ಕಾಯುವವನಿಗೆ ನೂರಕ್ಕೆ ಸುಮಾರು 11, ನಾಲ್ಕನ್ನು ಕಾಯುವವನಿಗೆ ಸುಮಾರು 20, ಎಂಟನ್ನು ಕಾಯುವವನಿಗೆ ಸುಮಾರು 38. ಅದೃಷ್ಟವು ಎಲ್ಲರಿಗೂ ಒಂದೇ. ಕಾಯುವ ಬಾಗಿಲುಗಳನ್ನು ಹೆಚ್ಚಿಸಿಕೊಂಡವನಿಗೆ ಅದು ಹೆಚ್ಚು ಸಲ ಒಲಿದಂತೆ ತೋರುತ್ತದೆ.

ಅಂಚಿನ ಎಲೆಗಳ ದೌರ್ಬಲ್ಯವನ್ನೂ ಗಮನಿಸಬೇಕು. ಎಕ್ಕ, ಎರಡು, ರಾಜ ಇವು ಮೂರೆಲೆಯ ಸರಣಿಗಳಲ್ಲಿ ಎರಡು ಬಗೆಯಲ್ಲಷ್ಟೇ ಸೇರಬಲ್ಲವು. ಮೂರರಿಂದ ರಾಣಿಯವರೆಗಿನವು ಮೂರು ಬಗೆಯಲ್ಲಿ ಸೇರುತ್ತವೆ. ಆದುದರಿಂದ ಒಂಟಿಯಾಗಿ ನಿಂತ ಎಕ್ಕ-ರಾಜರ ಮೇಲೆ ಮೋಹ ಸಲ್ಲದು. ಭಾರ ಹೆಚ್ಚು, ಉಪಯೋಗ ಕಡಿಮೆ.

ಎರಡು ಕೈಗಳ ಪರೀಕ್ಷೆ

ಉದಾಹರಣೆಗಾಗಿ, ಜೋಕರು 2 ಎಂದಿಟ್ಟುಕೊಳ್ಳೋಣ.

ಮೊದಲನೆಯ ಕೈ: ಆಟೀನು 4, 5, 6, ಗುಲಾಮ; ಇಸ್ಪೀಟು 3, 8, 9; ಕಳಾವರು ಎಕ್ಕ, 6, 9; ಡೈಮನ್ 2, ರಾಣಿ, ರಾಜ. ಇಲ್ಲಿ ಶುದ್ಧ ಸರಣಿ ಸಿದ್ಧವಾಗಿದೆ, ಜೋಕರೂ ಒಂದಿದೆ. ಆ ಜೋಕರನ್ನು ಎಲ್ಲಿ ಸೇರಿಸಬೇಕು? ಹೊಸಬರು ಇಸ್ಪೀಟು 8, 9ರೊಡನೆ ಸೇರಿಸುವುದುಂಟು. ಅನುಭವಿಗಳು ಡೈಮನ್ ರಾಣಿ-ರಾಜರೊಡನೆ ಸೇರಿಸುತ್ತಾರೆ. ಇದರಿಂದ ಇಪ್ಪತ್ತು ಅಂಕಗಳ ಭಾರ ಒಮ್ಮೆಲೇ ಇಳಿಯುತ್ತದೆ. ಇಸ್ಪೀಟು 8, 9 ಮತ್ತು ಕಳಾವರು 9 ಇವು ಮೂರೂ ಸೇರಿ ಎಂಟು ಎಲೆಗಳಿಗೆ ಬಾಗಿಲು ತೆರೆದು ಕಾಯುತ್ತವೆ. ಮೊದಲು ಬಿಸುಡಬೇಕಾದುದು ಕಳಾವರು ಎಕ್ಕ ಅಥವಾ ಆಟೀನು ಗುಲಾಮ. ಈ ಕೈಯನ್ನು ಧೈರ್ಯವಾಗಿ ಆಡಬಹುದು.

ಎರಡನೆಯ ಕೈ: ಆಟೀನು 3, 9, ರಾಜ, ಇಸ್ಪೀಟು 4, 7, ರಾಣಿ, ಕಳಾವರು 5, 8 ಮತ್ತು ಗುಲಾಮಗಳೆರಡು, ಡೈಮನ್ ಎಕ್ಕ, 6, 10. ಜೋಕರಿಲ್ಲ. ಒಂದೇ ಜಾತಿಯ ಎರಡು ಎಲೆಗಳು ಎಲ್ಲಿಯೂ ನೆರೆಹೊರೆಯಾಗಿ ನಿಂತಿಲ್ಲ. ಗುಲಾಮಗಳೆರಡೂ ಒಂದೇ ಜಾತಿಯವಾದುದರಿಂದ ಒಂದೇ ಸೆಟ್ಟಿನಲ್ಲಿ ಕೂಡಲಾರವು. ಕೂಡಿಸಿದರೆ 102 ಅಂಕ. ಅಂದರೆ ಸೋತಾಗ ಗರಿಷ್ಠವಾದ 80ರ ಭಾರ ತಪ್ಪಿದ್ದಲ್ಲ. ಈ ಕೈಯನ್ನು ಮೊದಲ ಎಲೆ ಎತ್ತುವ ಮುನ್ನವೇ ಕೆಳಗಿಡುವುದು ವಿವೇಕ.

ಜೋಕರು ಬಂದೀತೆಂದು ಆಸೆಪಡುವವರಿಗೊಂದು ಮಾತು. ಹಂಚಿದ ಹದಿಮೂರು ಎಲೆಗಳಲ್ಲಿ ಒಂದೂ ಜೋಕರಿಲ್ಲದಿರುವುದು ಹತ್ತು ಕೈಗಳಲ್ಲಿ ಸುಮಾರು ಮೂರಕ್ಕೆ ಒದಗುವ ಸ್ಥಿತಿ. ಅದು ದುರದೃಷ್ಟವಲ್ಲ, ಸಹಜ ಲೆಕ್ಕ.

ಬಿಸುಡುವ ಎಲೆ

ಎತ್ತುವುದಕ್ಕಿಂತ ಬಿಸುಡುವುದರಲ್ಲಿ ಜಾಣ್ಮೆ ಹೆಚ್ಚು ಬೇಕು. ಪಕ್ಕದವರು ತೆರೆದ ರಾಶಿಯಿಂದ ಆಟೀನು 7ನ್ನು ಎತ್ತಿದರೆ ಆಟೀನಿನ 5, 6, 8, 9 ಹಾಗೂ ಇತರ ಜಾತಿಯ 7ಗಳನ್ನು ಸಾಧ್ಯವಾದಷ್ಟು ಕಾಲ ತಡೆಹಿಡಿಯಿರಿ. ಆಟೀನು ರಾಣಿಗಳೆರಡೂ ಹೊರಬಿದ್ದುದನ್ನು ನೀವು ನೆನಪಿಟ್ಟಿದ್ದರೆ, ಆಟೀನು ರಾಜನು ಯಾರಿಗೂ ಶುದ್ಧ ಸರಣಿಯಾಗಲಾರನೆಂದು ತಿಳಿಯುತ್ತದೆ. ಅವನನ್ನು ಹೆಚ್ಚಿನ ಭಯವಿಲ್ಲದೆ ಇಳಿಸಬಹುದು. ನೀವು ಕಾಯುತ್ತಿರುವ ಎರಡು ಎಲೆಗಳೂ ರಾಶಿಗೆ ಬಿದ್ದಿದ್ದರೆ ಆ ಜೋಡಿಯನ್ನು ಕೂಡಲೇ ಮುರಿಯಿರಿ. ಮೊದಮೊದಲು ರಾಜ, ರಾಣಿ, ಎಕ್ಕಗಳನ್ನಷ್ಟೇ ನೆನಪಿಡುವ ಅಭ್ಯಾಸ ಮಾಡಿದರೆ ಸಾಕು. ಉಳಿದುದು ದಿನಗಳೆದಂತೆ ತಾನಾಗಿ ಬರುತ್ತದೆ.

ಕೈ ಬಿಡುವ ವಿವೇಕ

ನೂರಾ ಒಂದರ ಆಟದಲ್ಲಿ 101 ಅಂಕ ಮುಟ್ಟಿದವರು ಹೊರಬೀಳುತ್ತಾರೆ. ಮೊದಲೇ ಕೈ ಬಿಟ್ಟರೆ 20, ಒಂದು ಸುತ್ತು ಆಡಿದ ಮೇಲೆ ಬಿಟ್ಟರೆ 40, ಪೂರ್ತಿ ಸೋತರೆ 80 ಎಂಬುದು ಸಾಮಾನ್ಯ ನಿಯಮ. ಐದು ಸಲ ಮೊದಲೇ ಕೈ ಬಿಟ್ಟವರು 100 ಅಂಕದಲ್ಲಿ ಇನ್ನೂ ಆಟದಲ್ಲಿರುತ್ತಾರೆ. ಒಂದೇ ಒಂದು ಕೆಟ್ಟ ಕೈಯನ್ನು ಹಟದಿಂದ ಕೊನೆಯವರೆಗೆ ಹಿಡಿದವರು ನಾಲ್ಕು ಸಲದ ಅವಕಾಶವನ್ನು ಒಮ್ಮೆಗೇ ತೆತ್ತಂತಾಗುತ್ತದೆ.

ಇಷ್ಟು ಸರಳವಾದ ಲೆಕ್ಕ ತಿಳಿದೂ ಜನ ಕೈ ಬಿಡುವುದಿಲ್ಲವೇಕೆ? ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ಲಾಭದ ಸಂತೋಷಕ್ಕಿಂತ ಅಷ್ಟೇ ನಷ್ಟದ ನೋವು ಮನುಷ್ಯನಿಗೆ ದೊಡ್ಡದು. ನಿಶ್ಚಿತವಾದ ಸಣ್ಣ ನಷ್ಟವನ್ನು ಒಪ್ಪಲಾರದೆ ಆತ ಅನಿಶ್ಚಿತವಾದ ದೊಡ್ಡ ನಷ್ಟದ ಅಪಾಯಕ್ಕೆ ತಲೆಯೊಡ್ಡುತ್ತಾನೆ. ಇಪ್ಪತ್ತನ್ನು ಒಪ್ಪದವನು ಎಂಬತ್ತನ್ನು ಹೊರುತ್ತಾನೆ.

ಆರೋಗ್ಯದ ದೃಷ್ಟಿಯಿಂದ

ನಮ್ಮ ಲೇಖನದ ಮುಖ್ಯ ವಿಷಯವು ಇಲ್ಲಿದೆ. ಮಿತವಾದ ಎಲೆಯಾಟದಿಂದ ಹಿತವುಂಟು. ನ್ಯೂಯಾರ್ಕಿನಲ್ಲಿ 75 ವರ್ಷ ದಾಟಿದ 469 ಜನರನ್ನು ವರ್ಷಗಳ ಕಾಲ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದು, ವಾದ್ಯವಾದನ, ಮಣೆಯಾಟ-ಎಲೆಯಾಟಗಳಲ್ಲಿ ತೊಡಗಿದ್ದವರಲ್ಲಿ ಮರೆವಿನ ರೋಗ ಕಡಿಮೆಯೆಂದು ಕಂಡುಬಂದಿತು. ಆಟವೇ ರೋಗವನ್ನು ತಡೆಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಚುರುಕಾದ ಬುದ್ಧಿಯವರೇ ಹೆಚ್ಚು ಆಡುತ್ತಿದ್ದಿರಬಹುದು. ಆದರೂ ಊರು ಬಿಟ್ಟು ಬಂದು, ಮಕ್ಕಳು ಕೆಲಸಕ್ಕೆ ಹೋದ ಮೇಲೆ ಫ್ಲ್ಯಾಟಿನ ನಾಲ್ಕು ಗೋಡೆಗಳ ನಡುವೆ ದಿನ ಕಳೆಯುವ ಹಿರಿಯರಿಗೆ ನಾಲ್ವರ ಸಹವಾಸವೇ ಒಂದು ಔಷಧಿ.

ಅಹಿತವೂ ಉಂಟು. ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಬಾಗಿ ಕುಳಿತರೆ ಸೊಂಟ, ಕತ್ತು, ಮೊಣಕಾಲುಗಳು ದೂರು ಹೇಳುತ್ತವೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಮಧುಮೇಹಿಗಳು ಆಟದ ಭರದಲ್ಲಿ ಊಟ ಮತ್ತು ಗುಳಿಗೆಯ ಹೊತ್ತನ್ನು ಮರೆಯಬಾರದು. ಸಕ್ಕರೆಯ ಚಹಾ, ವಡಾಪಾವ್‌ಗಳ ಲೆಕ್ಕವನ್ನೂ ಎಲೆಗಳ ಲೆಕ್ಕದಷ್ಟೇ ಎಚ್ಚರದಿಂದ ಇಡಬೇಕು. ಆಟಕ್ಕಾಗಿ ನಿದ್ದೆಗೆಡುವುದು ರಕ್ತದೊತ್ತಡವಿದ್ದವರಿಗೆ ವಿಶೇಷವಾಗಿ ಸಲ್ಲದು.

ಎಲ್ಲಕ್ಕಿಂತ ದೊಡ್ಡ ಅಪಾಯ ಹಣದ್ದು. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು 1968ರಲ್ಲಿ ಆಂಧ್ರಪ್ರದೇಶದ ಮೊಕದ್ದಮೆಯೊಂದರಲ್ಲಿ ಹೇಳಿತು. ಬಿದ್ದ ಎಲೆಗಳನ್ನು ನೆನಪಿಡುವುದು, ಹಿಡಿಯುವ-ಬಿಡುವ ಜಾಣ್ಮೆ ಇವೇ ಅದಕ್ಕೆ ಕೊಟ್ಟ ಕಾರಣಗಳು. ಆದರೆ ಕೌಶಲದ ಆಟವೆಂಬ ಮಾತು ಚಟಕ್ಕೆ ರಕ್ಷಣೆಯಾಗಲಾರದು. ಮೊಬೈಲಿನ ರಮ್ಮಿಯಲ್ಲಿ ಎದುರಿಗೆ ಕುಳಿತ ಮಿತ್ರನಿಲ್ಲ, ಗಾಡಿಯಿಂದ ಇಳಿಯಬೇಕಾದ ನಿಲ್ದಾಣವಿಲ್ಲ, 'ಇನ್ನು ಸಾಕೇಳಿ' ಎನ್ನುವವರಿಲ್ಲ. ಸೋತ ಹಣವನ್ನು ಮರಳಿ ಪಡೆಯುವ ಹಟದಲ್ಲಿ ಸಂಬಳ, ಉಳಿತಾಯ, ಕೊನೆಗೆ ಸಾಲದ ಹಣವೂ ಹೋಗುತ್ತದೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಕೌಶಲ, ಅದೃಷ್ಟಗಳ ಭೇದವೆಣಿಸದೆ ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2022ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಜೂಜಿನ ಚಟವನ್ನು ವ್ಯಸನರೋಗಗಳ ಸಾಲಿನಲ್ಲಿ ಎಣಿಸಲಾಗಿದೆ. ಅಂದರೆ ಇದು ಬೈಗುಳಕ್ಕೆ ಅಲ್ಲ, ಚಿಕಿತ್ಸೆಗೆ ತಕ್ಕುದು.

ಲಕ್ಷಣಗಳು ಇವು: ಆಡಿದ ಹೊತ್ತನ್ನೂ ಸೋತ ಮೊತ್ತವನ್ನೂ ಮನೆಯವರಿಂದ ಮರೆಮಾಚುವುದು, ಸೋತುದನ್ನು ಗೆಲ್ಲಲೆಂದೇ ಮರಳಿ ಆಡುವುದು, ಆಡದಿದ್ದರೆ ಸಿಡುಕು, ನಿದ್ರಾಹೀನತೆ, ಸ್ನೇಹಿತರಲ್ಲಿ ಕಾರಣ ಹೇಳದೆ ಸಾಲ ಕೇಳುವುದು. ಇವು ಕಂಡಾಗ ಮನೆಯವರು ಜಗಳವಾಡದೆ, ಸಾಲವನ್ನು ಗುಟ್ಟಾಗಿ ತೀರಿಸಿ ಸುಮ್ಮನಾಗದೆ, ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಉಚಿತ ಸಲಹೆ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೊಬೈಲ್, ಅಂತರಜಾಲಗಳ ಚಟಕ್ಕಾಗಿಯೇ 2014ರಿಂದ ಪ್ರತ್ಯೇಕ ಚಿಕಿತ್ಸಾಲಯವಿದೆ.

ಸಾರಾಂಶವಿಷ್ಟೆ. ಶುದ್ಧ ಸರಣಿಯನ್ನು ಮೊದಲು ಕಟ್ಟಿರಿ. ಹೆಚ್ಚು ಬಾಗಿಲುಗಳುಳ್ಳ ಜೋಡಿಯನ್ನು ಉಳಿಸಿರಿ. ಬಿದ್ದ ಎಲೆಗಳನ್ನು ನೆನಪಿಡಿರಿ. ಕೆಟ್ಟ ಕೈಯನ್ನು ಬೇಗ ಬಿಡಿರಿ. ಆಟಕ್ಕೆ ಹೊತ್ತಿನ ಮಿತಿಯನ್ನು ಮೊದಲೇ ಗೊತ್ತುಮಾಡಿ, ಪಣಕ್ಕೆ ಹಣವನ್ನಿಡದೆ ಅಂಕಗಳನ್ನಷ್ಟೇ ಇಡಿರಿ. ಇಪ್ಪತ್ತು ಅಂಕಗಳ ಸೋಲನ್ನು ನಗುತ್ತ ಒಪ್ಪಿಕೊಂಡು ಕೈಯನ್ನು ಕೆಳಗಿಡಲು ಕಲಿತವರು ಒಳ್ಳೆಯ ಆಟಗಾರರಾಗುತ್ತಾರೆ. ಆ ಅಭ್ಯಾಸವು ಅವರನ್ನು ದೊಡ್ಡ ನಷ್ಟಗಳಿಂದಲೂ ಕಾಯಬಲ್ಲದು.