ಪಾರ್ಶ್ವವಾಯುವಿನ ಅನಂತರ ಬಿಗಿದ ಕಾಲು

ದಂಪತಿಗಳಲ್ಲೊಬ್ಬರಿಗೆ ಪಾರ್ಶ್ವವಾಯು ಬಡಿದು ಕೆಲವು ವಾರಗಳು ಕಳೆದ ಮೇಲೆ, ಸೋತ ಕಾಲು ಮೆಲ್ಲಮೆಲ್ಲಗೆ ಬಿಗಿಯತೊಡಗುವುದುಂಟು. ಪಾದ ಒಳಕ್ಕೆ ತಿರುಗಿ, ಹಿಮ್ಮಡಿ ನೆಲ ಮುಟ್ಟದೆ, ಹೊಸ್ತಿಲಿಗೆ ಬೆರಳು ಎಡವುತ್ತದೆ. ಇದು ಗಾಳಿ ಸೋಕಿದ್ದಲ್ಲ. ಮೆದುಳಿನ ಹಿಡಿತ ತಪ್ಪಿದ ಮಾಂಸಖಂಡಗಳ ಸೆಡೆತ.

ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಬೇಡಿರಿ. ಸ್ಪರ್ಶ ತಿಳಿಯದ ಕಾಲು ಸುಟ್ಟೀತು. ಥಟ್ಟನೆ ಎಳೆದರೆ ಬಿಗಿತ ಹೆಚ್ಚುವುದು. ರೋಗಿಯನ್ನು ಮಲಗಿಸಿ, ಮೊಣಕಾಲು ನೇರವಾಗಿರಿಸಿ, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ನಿಧಾನವಾಗಿ ಮೇಲಕ್ಕೆ ಬಾಗಿಸಿರಿ. ಅರ್ಧ ನಿಮಿಷ ಹಾಗೆಯೇ ಹಿಡಿಯಿರಿ. ಇಷ್ಟರಿಂದಲೇ ನಡಿಗೆ ಬಾರದು. ಸೋತ ಪಕ್ಕದಲ್ಲಿ ನೀವು ನಿಂತು ದಿನವೂ ಅಂಗಳದಲ್ಲಿ ನಡೆಸಬೇಕು. ಪತ್ನಿ ಮಲಗಿದಾಗ ಈ ಸೇವೆ ಪತಿಯದು. ಸೊಸೆಯ ಮೇಲೆ ಹೊರಿಸತಕ್ಕದ್ದಲ್ಲ.

ಬಿಗಿತವೆಲ್ಲವೂ ಕೆಡುಕಲ್ಲ. ಬಲಗುಂದಿದ ಕಾಲು ಕೆಲವೊಮ್ಮೆ ಅದರ ಆಸರೆಯಿಂದಲೇ ದೇಹದ ಭಾರ ಹೊರುತ್ತದೆ. ಆದುದರಿಂದಲೇ ವೈದ್ಯರು ಬ್ಯಾಕ್ಲೋಫೆನ್ ಗುಳಿಗೆಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುವರು. ಹೆಚ್ಚಾದರೆ ತೂಕಡಿಕೆ, ನಿಶ್ಶಕ್ತಿ. ಅದನ್ನು ಹಠಾತ್ತನೆ ನಿಲ್ಲಿಸಲೂ ಕೂಡದು. ಕೆಲವೇ ಖಂಡಗಳು ಬಿಗಿದಿದ್ದರೆ ಬೊಟುಲಿನಮ್ ಚುಚ್ಚುಮದ್ದು ಅವನ್ನು ಸುಮಾರು 3 ತಿಂಗಳು ಸಡಿಲಿಸುವುದು. ಆಗ ವ್ಯಾಯಾಮ ಬಿಟ್ಟರೆ ತೆತ್ತ ಹಣ ವ್ಯರ್ಥ.

ಬಿಗಿತ ಒಮ್ಮೆಲೇ ಹೆಚ್ಚಿದಲ್ಲಿ ಮಲಬದ್ಧತೆ, ಉರಿಮೂತ್ರ, ಹಾಸಿಗೆಹುಣ್ಣು ಇವೆಯೇ ನೋಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿರಿ.